‘ಪರಿಶೀಲಿಸಲಾಗುವುದು’ ಅಂತ ಸಚಿವರು ಸದನದಲ್ಲಿ ಹೇಳಿದರೆ, ಆಮೇಲೆ ಪರಿಶೀಲಿಸೋದು ಯಾರು?

ಕೆರೆಕೋಡಿ · ಭಾನುವಾರ ಬೆಳಗ್ಗೆ 10.20

ನಮಸ್ಕಾರ. ಇಷ್ಟು ದಿನ ಸುಮ್ಮನೆ ಓದ್ಕೊಂಡು ಹೋಗ್ತಿದ್ದೆ, ಇವತ್ತು ನಾನೇ ಒಂದು ವಿಷಯ ಎತ್ತುತ್ತಿದ್ದೀನಿ.

ನಮ್ಮೂರ ಕೆರೆಯ ತೂಬು ಮೂರು ವರ್ಷದಿಂದ ಸೋರ್ತಿದೆ. ಏರಿ ಬುಡದಲ್ಲಿ ಸದಾ ಜೌಗು. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಗೊತ್ತಿರೋ ಒಬ್ಬರು ವಿಧಾನ ಪರಿಷತ್ ಸದಸ್ಯರನ್ನು ಹಿಡಿದು ಸದನದಲ್ಲಿ ಪ್ರಶ್ನೆ ಕೇಳಿಸಿದ್ವಿ. ಚುಕ್ಕೆ ಗುರುತಿಲ್ಲದ ಪ್ರಶ್ನೆ, ಲಿಖಿತ ಉತ್ತರ. ಇಲಾಖೆ ಹೆಸರು ಬೇಡ, ಉತ್ತರ ಮಾತ್ರ ನೋಡಿ:

(ಅ) ಸದರಿ ಕೆರೆಯ ತೂಬು ಶಿಥಿಲಗೊಂಡಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? — ಬಂದಿದೆ.
(ಆ) ಬಂದಿದ್ದಲ್ಲಿ, ದುರಸ್ತಿಗೆ ಕೈಗೊಂಡ ಕ್ರಮಗಳೇನು? — ಅನುದಾನದ ಲಭ್ಯತೆಗನುಗುಣವಾಗಿ ಪರಿಶೀಲಿಸಲಾಗುವುದು.
(ಇ) ಯಾವ ಕಾಲಮಿತಿಯಲ್ಲಿ ಪೂರ್ಣಗೊಳಿಸಲಾಗುವುದು? — ಉದ್ಭವಿಸುವುದಿಲ್ಲ.

ಆ ‘ಬಂದಿದೆ’ ಓದಿ ಅಪ್ಪ ಖುಷಿಪಟ್ಟರು. ಆ ‘ಉದ್ಭವಿಸುವುದಿಲ್ಲ’ ಅನ್ನೋದು ಏನು ಅಂತ ಅವರಿಗೆ ವಿವರಿಸೋಕೆ ನನಗೆ ಆಗಲಿಲ್ಲ. ಇದಾಗಿ ಏಳು ತಿಂಗಳು. ಸಚಿವರು ಸದನಕ್ಕೆ ಕೊಟ್ಟ ಮಾತಿಗೆ ಬೆಲೆ ಇದೆಯಾ? ಅದನ್ನು ಕಾಯೋರು ಯಾರಾದ್ರೂ ಇದ್ದಾರಾ?

ಹುಬ್ಬಳ್ಳಿ ಗಿರ್ಮಿಟ್ · ಭಾನುವಾರ ಬೆಳಗ್ಗೆ 10.41

ಕಾಯೋರು ಅದಾರ್ರೀ, ಸದನದ ಹೊರಗ ಲಾಠಿ ಹಿಡ್ಕೊಂಡು ನಿಂತಿರ್ತಾರ.

ನೋಡ್ರಿ, 2012ರಾಗ ಬೆಳಗಾವ್ಯಾಗ ಸುವರ್ಣ ಸೌಧ ಉದ್ಘಾಟನೆ ಆತು. ರಾಷ್ಟ್ರಪತಿಗಳ ಕೈಲೆ. ನಮ್ಮ ಭಾಗದ ಪ್ರಶ್ನೆಗೆ ಅಲ್ಲೇ ಉತ್ತರ ಸಿಗ್ತೈತಿ ಅಂದ್ರು. ವರ್ಷಕ್ಕ ಹತ್ತು ಹನ್ನೆರಡು ದಿನ ಅಧಿವೇಶನ. ಅದರಾಗ ಅರ್ಧ ದಿನ ಬಾವಿಗಿಳಿದು ಗದ್ದಲ, ಹೊರಗ ಟೆಂಟಿನಾಗ ಮಂದಿ ಧರಣಿ. ಉಳಿದ ವರ್ಷ ಆ ಕಟ್ಟಡದಾಗ ಗಾಳಿ ಓಡಾಡ್ತೈತಿ. ನಿಮ್ಮ ತೂಬು ಸೋರೋದಕ್ಕಿಂತ ಜೋರಾಗಿ ಇದು ಸೋರಾಕತ್ತೈತಿ.

ಹಳೇ ಕಡತ · ಭಾನುವಾರ ಮಧ್ಯಾಹ್ನ 12.05

ಕೆರೆಕೋಡಿಯವರೇ, ನಾನು ಸಚಿವಾಲಯದಲ್ಲಿ ಇಂಥ ಉತ್ತರಗಳನ್ನು ಬರೆದೇ ನಿವೃತ್ತನಾದವನು. ನಿಮ್ಮ ಕೆರೆಯದ್ದು ನಾನು ಬರೆದದ್ದಲ್ಲ, ಆದರೆ ಕೈಬರಹ ಗುರುತು ಸಿಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಬೇಡ.

ಪ್ರಶ್ನೆ ಶಾಖೆಗೆ ಬಂದ ಕೂಡಲೇ ಮೇಲೊಂದು ಕೆಂಪು ಚೀಟಿ ಬೀಳುತ್ತದೆ. ಉಳಿದ ಕಡತಗಳೆಲ್ಲ ಪಕ್ಕಕ್ಕೆ. ನಾವು ಮುಖ್ಯ ಎಂಜಿನಿಯರ್ ಕಚೇರಿಗೆ, ಅವರು ಜಿಲ್ಲೆಗೆ, ಜಿಲ್ಲೆಯವರು ತಾಲೂಕಿಗೆ. ತಾಲೂಕಿನ ಹುಡುಗ ಕೆರೆ ನೋಡಿ ಬರುವಷ್ಟು ಸಮಯ ಇದ್ದರೆ ಪುಣ್ಯ. ಇಲ್ಲದಿದ್ದರೆ ಹಿಂದಿನ ವರ್ಷದ ವರದಿಯ ದಿನಾಂಕ ತಿದ್ದಿ ಕಳಿಸುತ್ತಾನೆ. ಅದೇ ದಾರಿಯಲ್ಲಿ ಅದು ವಾಪಸ್ ಬರುತ್ತದೆ, ಒಂದೊಂದು ಮೇಜಿನಲ್ಲೂ ಒಂದೊಂದು ಪದ ಉದುರುತ್ತದೆ. ‘ತುರ್ತಾಗಿ ದುರಸ್ತಿ ಆಗಬೇಕಿದೆ’ ಅಂತ ಹೊರಟದ್ದು ನಮ್ಮ ಕೈಗೆ ಬರುವಾಗ ‘ದುರಸ್ತಿಯ ಅಗತ್ಯವಿರುತ್ತದೆ’ ಆಗಿರುತ್ತದೆ. ಯಾರೂ ಸುಳ್ಳು ಹೇಳಿಲ್ಲ ನೋಡಿ.

ಆಮೇಲೆ ನಮ್ಮ ಕೆಲಸ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಭಯ ಜಾಸ್ತಿ, ಯಾಕೆಂದರೆ ಸದಸ್ಯರು ಎದ್ದುನಿಂತು ಉಪಪ್ರಶ್ನೆ ಕೇಳುತ್ತಾರೆ. ಅದಕ್ಕಾಗಿ ಸಚಿವರಿಗೆ ಉತ್ತರದ ಜೊತೆ ದಪ್ಪನೆಯ ಪೂರಕ ಟಿಪ್ಪಣಿ. ನಾವು ಅಧಿಕಾರಿಗಳ ಗ್ಯಾಲರಿಯಲ್ಲಿ ಪೆನ್ನು ಹಿಡಿದು ಕೂತು ಚೀಟಿ ಕಳಿಸಲು ಸಿದ್ಧ. ನಿಮ್ಮದು ಚುಕ್ಕೆ ಇಲ್ಲದ್ದು, ಮೇಜಿನ ಮೇಲಿಟ್ಟರೆ ಮುಗಿಯಿತು.

ಈಗ ಗುಟ್ಟು. ಉತ್ತರ ಬರೆಯುವವನಿಗೆ ಹಿರಿಯರು ಕಲಿಸುವ ಮೊದಲ ಪಾಠ: ‘ಭರವಸೆ ಆಗದ ಹಾಗೆ ಬರಿ’. ಸಂಸತ್ತಿನಲ್ಲೂ ನಮ್ಮ ಎರಡೂ ಸದನಗಳಲ್ಲೂ ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದು ಇದೆ. ಲೋಕಸಭೆಯದ್ದು ಶುರುವಾದದ್ದು 1953ರ ಡಿಸೆಂಬರಿನಲ್ಲಿ, 15 ಸದಸ್ಯರು. ರಾಜ್ಯಸಭೆಯದ್ದು 1972ರಲ್ಲಿ. ಸಚಿವರು ಸದನದಲ್ಲಿ ‘ನೋಡುತ್ತೇನೆ’, ‘ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಿ ತಿಳಿಸಲಾಗುವುದು’ ಅಂದರೆ ಆ ಮಾತನ್ನು ಈ ಸಮಿತಿ ಹೆಕ್ಕಿ ಪಟ್ಟಿಗೆ ಹಾಕುತ್ತದೆ. ಯಾವ ಯಾವ ಮಾತು ಭರವಸೆ ಅನ್ನುವುದಕ್ಕೆ ಲೋಕಸಭೆಯಲ್ಲಿ ಮಾದರಿ ಪಟ್ಟಿಯೇ ಇದೆ. ಅಲ್ಲಿ ಈಡೇರಿಸಲು ಕೊಡುವ ಗಡುವು ಮೂರು ತಿಂಗಳು. ಆಗದಿದ್ದರೆ ಇಲಾಖೆ ಹೆಚ್ಚು ಸಮಯ ಕೇಳಬೇಕು, ಇಲ್ಲವೇ ‘ಕೈಬಿಡಿ’ ಅಂತ ಕಾರಣ ಸಮೇತ ಕೋರಬೇಕು. ಸಮಿತಿ ಒಪ್ಪದಿದ್ದರೆ ಕಾರ್ಯದರ್ಶಿಯೇ ಬಂದು ಉತ್ತರಿಸಬೇಕು.

ನಿಮ್ಮ (ಆ) ಉತ್ತರದಲ್ಲಿ ‘ಅನುದಾನದ ಲಭ್ಯತೆಗನುಗುಣವಾಗಿ’ ಅಂತ ಇದೆಯಲ್ಲ, ಅದು ನಮ್ಮ ಛತ್ರಿ. ಆದರೆ ಮುಂದೆ ‘ಪರಿಶೀಲಿಸಲಾಗುವುದು’ ಅಂತಲೂ ಬರೆದಿದ್ದಾರೆ. ಬರೆದವನು ಅವಸರದಲ್ಲಿದ್ದ ಅನ್ನಿಸುತ್ತದೆ. ಅಲ್ಲಿ ಹಿಡಿಯಬಹುದು.

ಕೆರೆಕೋಡಿ · ಭಾನುವಾರ ಮಧ್ಯಾಹ್ನ 12.30

ಸರ್, ಕೈ ಮುಗಿದೆ. ಹಿಡಿಯೋದು ಅಂದ್ರೆ ಹೇಗೆ? ನಾನು ಸಮಿತಿಗೆ ಬರೀಬಹುದಾ?

ಹಳೇ ಕಡತ · ಭಾನುವಾರ ಮಧ್ಯಾಹ್ನ 12.38

ನೀವು ಬರೆದರೂ ತಪ್ಪಿಲ್ಲ, ಆದರೆ ಪ್ರಶ್ನೆ ಕೇಳಿದ ಸದಸ್ಯರೇ ಬರೆದರೆ ತೂಕ. ಪ್ರಶ್ನೆ ಸಂಖ್ಯೆ, ಉತ್ತರಿಸಿದ ದಿನಾಂಕ, (ಆ) ಭಾಗದ ಮಾತು ಹಾಗೇ ಉದ್ಧರಿಸಿ, ‘ಇದನ್ನು ಭರವಸೆ ಎಂದು ಪರಿಗಣಿಸಿ’ ಅಂತ ಒಂದೇ ಪುಟ. ಕೆರೆಯ ಇತಿಹಾಸ ಬರೆಯಬೇಡಿ, ಯಾರೂ ಓದುವುದಿಲ್ಲ.

ಕರಿಕೋಟು ಅಕ್ಕ · ಭಾನುವಾರ ಮಧ್ಯಾಹ್ನ 2.15

ಹಳೇ ಕಡತ ಸರ್ ಹೇಳಿದ್ದು ದಾರಿ. ಆದರೆ ಆ ದಾರಿ ಎಲ್ಲಿ ನಿಂತುಹೋಗುತ್ತೆ ಅನ್ನೋದನ್ನೂ ಹೇಳಬೇಕು. ನಾನು ವಕೀಲೆ.

ಸಂವಿಧಾನದ 164(2)ನೇ ವಿಧಿ: ಮಂತ್ರಿಮಂಡಲ ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆ. ಗಮನಿಸಿ, ವಿಧಾನಸಭೆಗೆ. ಪರಿಷತ್ತಿಗೆ ಅಲ್ಲ. ಕೇಂದ್ರದಲ್ಲಿ 75(3), ಅಲ್ಲೂ ಲೋಕಸಭೆಗೆ ಮಾತ್ರ. ಕೆರೆಕೋಡಿಯವರು ಪ್ರಶ್ನೆ ಕೇಳಿಸಿದ್ದು ಪರಿಷತ್ತಿನಲ್ಲಿ. ಪರಿಷತ್ತು ಕೇಳಬಹುದು, ಕೆಣಕಬಹುದು, ಸರ್ಕಾರವನ್ನು ಇಳಿಸಲಾಗದು.

ಇಳಿಸುವ ಜಾಗ ಯಾವುದು ಅಂತ ಇಡೀ ದೇಶಕ್ಕೆ ಕಲಿಸಿದ್ದು ನಮ್ಮ ರಾಜ್ಯದ ಪ್ರಕರಣವೇ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬಹುಮತ ಹೋಗಿದೆ ಅಂತ ಶಾಸಕರ ಪತ್ರಗಳನ್ನು ನೋಡಿಯೇ ರಾಜ್ಯಪಾಲರು ವರದಿ ಕಳಿಸಿದರು. ‘ಸದನದಲ್ಲಿ ಸಾಬೀತು ಮಾಡ್ತೀನಿ’ ಅಂತ ಮುಖ್ಯಮಂತ್ರಿ ಕೇಳಿದರೂ ಅವಕಾಶ ಸಿಗಲಿಲ್ಲ, ಸರ್ಕಾರ ವಜಾ ಆಯ್ತು. ಐದು ವರ್ಷ ಬಿಟ್ಟು, 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು: ಬಹುಮತ ಅಳೆಯೋದು ರಾಜಭವನದಲ್ಲಲ್ಲ, ಸದನದಲ್ಲಿ. ಬೊಮ್ಮಾಯಿಯವರಿಗೆ ಅದರಿಂದ ಕುರ್ಚಿ ವಾಪಸ್ ಬರಲಿಲ್ಲ, ಆಮೇಲೆ ಬಂದವರಿಗೆಲ್ಲ ಉಪಯೋಗವಾಯ್ತು.

ಆದರೆ ಅಲ್ಲಿಂದ ನಾವು ಕಲಿತದ್ದು ತಲೆ ಎಣಿಸೋದನ್ನು ಮಾತ್ರ. 2019ರ ಜುಲೈ 18ಕ್ಕೆ ಕುಮಾರಸ್ವಾಮಿಯವರು ವಿಶ್ವಾಸಮತ ಮಂಡಿಸಿದರು, ಮತಕ್ಕೆ ಹಾಕಿದ್ದು 23ಕ್ಕೆ. ಪರ 99, ವಿರೋಧ 105, ಸರ್ಕಾರ ಬಿತ್ತು. ಆ ಅಷ್ಟೂ ದಿನ ಇಡೀ ರಾಜ್ಯ ಟಿವಿ ಮುಂದೆ. ಅದೇ ಸದನದಲ್ಲಿ ಬಜೆಟ್ಟಿನಲ್ಲಿ ಇಲಾಖೆಗಳು ಕೇಳೋ ಅನುದಾನದ ಬೇಡಿಕೆಗಳ ಮೇಲೆ ಚರ್ಚೆ ನಡೆದರೆ ನೋಡೋರು ಎಷ್ಟು ಜನ? ಸರ್ಕಾರ ಉಳಿಯುತ್ತಾ ಬೀಳುತ್ತಾ ಅನ್ನೋದೊಂದೇ ಹೊಣೆಗಾರಿಕೆ ಆಗಿಬಿಟ್ಟರೆ, ಬೀಳದ ಸರ್ಕಾರ ಯಾರಿಗೂ ಉತ್ತರ ಕೊಡಬೇಕಿಲ್ಲ ಅಂದ ಹಾಗಾಯ್ತು.

ಕೆಎಎಸ್ ಕನಸು · ಭಾನುವಾರ ಮಧ್ಯಾಹ್ನ 3.02

ಮೇಡಂ, ಒಂದು ಡೌಟು. ಆಡಳಿತ ಪಕ್ಷದ ಶಾಸಕರೇ ಬಹುಮತ ಇರೋದು ಅಂದ್ಮೇಲೆ ಅವರು ತಮ್ಮ ಸರ್ಕಾರವನ್ನೇ ಪ್ರಶ್ನೆ ಮಾಡೋದು ಹೇಗೆ? 1985ರ ಪಕ್ಷಾಂತರ ನಿಷೇಧ ಬಂದ್ಮೇಲೆ ವಿಪ್ (ಹೀಗೇ ಮತ ಹಾಕಿ ಅನ್ನೋ ಪಕ್ಷದ ಆದೇಶ) ಮೀರಿದ್ರೆ ಸೀಟೇ ಹೋಗುತ್ತಲ್ಲ?

ಕರಿಕೋಟು ಅಕ್ಕ · ಭಾನುವಾರ ಮಧ್ಯಾಹ್ನ 3.20

ಮತ ಹಾಕುವಾಗ ವಿಪ್. ಪ್ರಶ್ನೆ ಕೇಳೋಕೆ ವಿಪ್ ಅಡ್ಡ ಬರಲ್ಲ ಪುಟ್ಟಾ. ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಬಾಯಿ ಕಟ್ಟಿಲ್ಲ, ಬಾಯಿ ಕಟ್ಟಿಕೊಂಡಿರೋರು ಸಚಿವ ಸ್ಥಾನದ ಆಸೆಯಲ್ಲಿರೋರು.

ಉದಾಹರಣೆ ಬೇಕಾ? 1957. ಪ್ರಧಾನಿ ನೆಹರೂ, ಕಾಂಗ್ರೆಸ್ಸಿಗೆ ಭಾರೀ ಬಹುಮತ. ಎಲ್ಐಸಿ ದುಡ್ಡು ಹರಿದಾಸ್ ಮುಂದ್ರಾ ಅನ್ನೋ ಉದ್ಯಮಿಯ ಕಂಪನಿಗಳ ಷೇರಿಗೆ ಹೋಗಿದ್ದರ ಬಗ್ಗೆ ಲೋಕಸಭೆಯಲ್ಲಿ ಬೆನ್ನುಹತ್ತಿದ್ದು ಫಿರೋಜ್ ಗಾಂಧಿ. ಆಡಳಿತ ಪಕ್ಷದ ಸದಸ್ಯ, ಸಾಲದ್ದಕ್ಕೆ ಪ್ರಧಾನಿಯ ಅಳಿಯ. ಚಾಗ್ಲಾ ಆಯೋಗ ಬಂತು, 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಸರ್ಕಾರ ಬೀಳಲಿಲ್ಲ. ಬೀಳಬೇಕಾಗಿಯೂ ಇರಲಿಲ್ಲ.

ಹುಬ್ಬಳ್ಳಿ ಗಿರ್ಮಿಟ್ · ಭಾನುವಾರ ಮಧ್ಯಾಹ್ನ 3.33

1957ರ ಕತಿ ಹೇಳಬ್ಯಾಡ್ರಿ ಅಕ್ಕಾರ. ಅವಾಗ ನಮ್ಮಜ್ಜ ಸೈಕಲ್‌ಗೂ ಲೈಸನ್ಸ್ ತಗೋತಿದ್ದ. ಇವತ್ತಿಂದು ಹೇಳ್ರಿ. 2020ರ ಮಳೆಗಾಲದ ಅಧಿವೇಶನದಾಗ ಕೋವಿಡ್ ಹೆಸರಲೆ ಸಂಸತ್ತಿನಾಗ ಪ್ರಶ್ನೋತ್ತರ ವೇಳೆನ ತಗದ್ರು. ಬಾಯಿಲೆ ಕೇಳಂಗಿಲ್ಲ, ಬರದು ಕೇಳ್ರಿ ಅಂತ. 2023ರ ಡಿಸೆಂಬರ್‌ದಾಗ ಎರಡೂ ಸದನ ಸೇರಿ 146 ಮಂದಿ ಅಮಾನತು. ಅವರು ಕೊಟ್ಟಿದ್ದ ಪ್ರಶ್ನಿಗಳನ್ನೂ ಪಟ್ಟಿಯಿಂದ ತಗದು ಹಾಕಿದ್ರು! ಮನಷ್ಯಾ ತಪ್ಪು ಮಾಡ್ಯಾನ ಅಂತನ ಇಟ್ಕೋರಿ, ಪ್ರಶ್ನಿ ಏನ್ ತಪ್ಪು ಮಾಡಿತ್ತು?

ಹಳೇ ಕಡತ · ಭಾನುವಾರ ಸಂಜೆ 5.10

ಕೊನೆಯ ಮಾತಿಗೆ ನನ್ನ ಹತ್ತಿರವೂ ಉತ್ತರವಿಲ್ಲ.

ಆದರೆ ಒಂದು ಮಾತು ಸೇರಿಸಬೇಕು. ನಾವು ಟಿವಿಯಲ್ಲಿ ನೋಡುವ ಸದನ ಬೇರೆ, ಸಮಿತಿ ಕೊಠಡಿಯ ಸದನ ಬೇರೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿಯ (ಪಿಎಸಿ) ಮುಂದೆ ಇಲಾಖೆಯ ಪರವಾಗಿ ಕೂತ ಅನುಭವ ನನಗಿದೆ. ಕ್ಯಾಮೆರಾ ಇಲ್ಲ, ಘೋಷಣೆ ಇಲ್ಲ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯ ಒಂದು ಪ್ಯಾರಾ ಇಟ್ಟುಕೊಂಡು ಒಬ್ಬ ಸದಸ್ಯರು ಕೇಳಿದ ಪ್ರಶ್ನೆ: ‘ಪೈಪು ಖರೀದಿ ಮಾಡಿದ್ದೀರಿ, ಸರಿ. ಪೈಪು ಈಗ ಎಲ್ಲಿದೆ?’ ಮೂರು ಅಧಿಕಾರಿಗಳು ಮುಖ ಮುಖ ನೋಡಿಕೊಂಡೆವು. ಆ ಸದಸ್ಯರು ಆಡಳಿತ ಪಕ್ಷದವರು. ಹೊರಗೆ ಕಾರಿಡಾರಿನಲ್ಲಿ ಅವರೇ ನಮ್ಮ ಸಚಿವರ ಹೆಗಲ ಮೇಲೆ ಕೈ ಹಾಕಿಕೊಂಡು ಹೋಗುತ್ತಿದ್ದರು.

ಕೇಂದ್ರದ ಪಿಎಸಿ 1921ರಷ್ಟು ಹಳೆಯದು. ಈಗ 22 ಸದಸ್ಯರು, ಸಚಿವರಿಗೆ ಪ್ರವೇಶವಿಲ್ಲ. 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರು, ಮೊದಲು ಕೂತವರು ಮೀನೂ ಮಸಾನಿ. ವರದಿಗೆ ಭಿನ್ನಮತದ ಟಿಪ್ಪಣಿ ಹಾಕುವ ಪದ್ಧತಿ ಇಲ್ಲ. ಅಂದರೆ ಎಲ್ಲರೂ ಒಪ್ಪುವ ಮಟ್ಟಕ್ಕೆ ಜಗಳಾಡಿ ಇಳಿಯಬೇಕು. ಅಧಿಕಾರಿಗೆ ನಿಜವಾದ ಭಯ ಇಂಥ ಒಮ್ಮತದ್ದು. ಬರೀ ವಿರೋಧ ಪಕ್ಷದ ಗದ್ದಲವಾದರೆ ‘ರಾಜಕೀಯ’ ಅಂತ ಒಂದೇ ಪದದಲ್ಲಿ ಮುಗಿಸುತ್ತೇವೆ. ಶಾಸಕಾಂಗ, ಕಾರ್ಯಾಂಗದ ನಡುವೆ ಸಹಕಾರ ಬೇಕು ಅನ್ನುವುದು ಇದಕ್ಕೇ.

ಕರಿಕೋಟು ಅಕ್ಕ · ಭಾನುವಾರ ಸಂಜೆ 6.00

ಸರ್, ಗೌರವ ಇಟ್ಟುಕೊಂಡೇ ಭಿನ್ನಾಭಿಪ್ರಾಯ. ನೀವು ಹೇಳೋ ಸಹಕಾರ ಎಷ್ಟೋ ಸಲ ಒಳಒಪ್ಪಂದದ ಸಭ್ಯ ಹೆಸರು.

2011ರಲ್ಲಿ 2ಜಿ ತರಂಗಾಂತರ ಹಂಚಿಕೆ ಹಗರಣದ ವಿಷಯ ಬಂದಾಗ ಅದೇ ಪಿಎಸಿ, ಮುರಳಿ ಮನೋಹರ ಜೋಶಿ ಅಧ್ಯಕ್ಷರಾಗಿದ್ದಾಗ, ಪಕ್ಷಗಳ ಲೆಕ್ಕದಲ್ಲಿ ಎರಡು ಹೋಳಾಯ್ತು. ಒಮ್ಮತ ಇರೋದು ಪೈಪಿನ ಮಟ್ಟದಲ್ಲಿ ಮಾತ್ರ. ಅದಕ್ಕಿಂತ ಮೇಲೆ ಹೋದರೆ ಇಲ್ಲ.

ನಮ್ಮಲ್ಲಿನ ಸದನ ಸಮಿತಿಗಳನ್ನೇ ತಗೊಳ್ಳಿ. ಎ.ಟಿ. ರಾಮಸ್ವಾಮಿಯವರ ಸಮಿತಿ ಬೆಂಗಳೂರಿನ ಸರ್ಕಾರಿ ಜಮೀನಿನ ಒತ್ತುವರಿ ಬಗ್ಗೆ ಮಾಡಿದ ಕೆಲಸಕ್ಕೆ ನಾನು ಇಂದಿಗೂ ನಮಸ್ಕಾರ ಹಾಕ್ತೀನಿ. ಕೆ.ಬಿ. ಕೋಳಿವಾಡರ ಸಮಿತಿ ಕೆರೆಗಳ ಬಗ್ಗೆ ಅಷ್ಟೇ ದಪ್ಪ ವರದಿ ಕೊಟ್ಟಿತು. ವರದಿ ಮಂಡನೆಯಾದ ಮೇಲೆ ಅದನ್ನು ಜಾರಿ ಮಾಡೋರು ಯಾರು? ವರದಿ ಯಾರ ವಿರುದ್ಧ ಇದೆಯೋ ಅದೇ ಕಾರ್ಯಾಂಗ. ಇನ್ನು ನೈಸ್ ರಸ್ತೆಯ ಸದನ ಸಮಿತಿಗೆ ಅಧ್ಯಕ್ಷರಾಗಿದ್ದವರು ಟಿ.ಬಿ. ಜಯಚಂದ್ರ, ಆಗ ಅವರೇ ಕಾನೂನು ಸಚಿವರು! ವರದಿ ಖಾರವಾಗಿಯೇ ಇತ್ತು, ಅದು ಬೇರೆ ಮಾತು. ಆದರೆ ಸದನದ ಕಣ್ಣು ಯಾವುದು, ಸರ್ಕಾರದ ಕೈ ಯಾವುದು ಅಂತ ಗೊತ್ತಾಗಬೇಕಲ್ಲ.

ನನಗೆ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೀಬೇಕು ಅಂತ 2005ರಲ್ಲಿ ಕರ್ನಾಟಕ ಕಾಯ್ದೆಯನ್ನೇ ಮಾಡಿಕೊಂಡಿತು. ಎಷ್ಟು ರಾಜ್ಯಗಳಿಗೆ ಆ ಧೈರ್ಯ ಇದೆ? 2018ರಿಂದ 2023ರವರೆಗಿದ್ದ ವಿಧಾನಸಭೆ ಒಂದು ವರ್ಷವೂ ಆ ಅರವತ್ತನ್ನು ಮುಟ್ಟಲಿಲ್ಲ. ಶಿಕ್ಷೆ ಏನು? ಏನೂ ಇಲ್ಲ. ಸದನವೇ ಮಾಡಿದ ಕಾನೂನು, ಸದನದ ಬಗ್ಗೆಯೇ, ಅದನ್ನೇ ಸರ್ಕಾರ ಪಾಲಿಸದಿದ್ದಾಗ ಸದನ ಸುಮ್ಮನಿದೆ ಅಂದ್ರೆ ಕೆರೆಕೋಡಿಯವರ ತೂಬು ಯಾವ ಲೆಕ್ಕ?

ಹುಬ್ಬಳ್ಳಿ ಗಿರ್ಮಿಟ್ · ಭಾನುವಾರ ಸಂಜೆ 6.04

ಅಕ್ಕಾರ, ಒಂದು ಗಿರ್ಮಿಟ್ ಮಿರ್ಚಿ ನನ್ನ ಕಡಿಂದ.

ಬ್ರಸೆಲ್ಸ್ ಜಡಿಮಳೆ · ಭಾನುವಾರ ರಾತ್ರಿ 9.45

ಪುತ್ತೂರಿನವ, ಈಗ ಇರುವುದು ಬ್ರಸೆಲ್ಸಿನಲ್ಲಿ. ಕೆಲಸ ಬೇರೆ, ಆದರೆ ಆಫೀಸಿನ ಕಿಟಕಿಯಿಂದ ಯುರೋಪಿಯನ್ ಪಾರ್ಲಿಮೆಂಟು ಕಾಣ್ತದೆ. ಹಾಗಾಗಿ ಸ್ವಲ್ಪ ಕುತೂಹಲ.

ಇಲ್ಲಿಯದ್ದು ವಿಚಿತ್ರ ಉಂಟು ಮಾರಾಯ್ರೆ. ಇಲ್ಲಿಯ ಕಾರ್ಯಾಂಗ ಅಂದರೆ ಯುರೋಪಿಯನ್ ಕಮಿಷನ್, ದೇಶಕ್ಕೊಬ್ಬರ ಹಾಗೆ 27 ಕಮಿಷನರ್‌ಗಳು. ಅವರು ಪಾರ್ಲಿಮೆಂಟಿನ ಸದಸ್ಯರೇ ಅಲ್ಲ. ಕಾನೂನಿನ ಕರಡು ತರುವ ಹಕ್ಕು ಕಮಿಷನ್ನಿಗೆ, ಪಾರ್ಲಿಮೆಂಟು ತಾನಾಗಿ ಮಸೂದೆ ಮಂಡಿಸುವ ಹಾಗಿಲ್ಲ. ‘ಇಂಥದ್ದೊಂದು ತನ್ನಿ’ ಅಂತ ಕೇಳಬಹುದು ಅಷ್ಟೆ. ಮತ್ತೆ ಹಿಡಿತ ಎಲ್ಲಿಂದ ಬಂತು? ಎರಡು ಕಡೆಯಿಂದ.

ಒಂದು, ಬರೆದಿಟ್ಟುಕೊಂಡ ಒಪ್ಪಂದ. 2010ರಲ್ಲಿ ಎರಡೂ ಸಂಸ್ಥೆಗಳು ಕೂತು, ಮಾಹಿತಿ ಯಾವಾಗ ಕೊಡಬೇಕು, ಗುಟ್ಟಿನ ಕಾಗದ ಯಾರು ನೋಡಬಹುದು ಎಂಬುದನ್ನೆಲ್ಲ ಬರೆದು ಸಹಿ ಹಾಕಿದ್ರು. ಪಾರ್ಲಿಮೆಂಟು ‘ಇಂಥ ಕಾನೂನು ತನ್ನಿ’ ಅಂದರೆ ಮೂರು ತಿಂಗಳೊಳಗೆ ಕಮಿಷನ್ ತನ್ನ ನಿಲುವು ತಿಳಿಸಬೇಕು. ಹಳೇ ಕಡತ ಸರ್ ಹೇಳಿದ ಆ ಮೂರು ತಿಂಗಳು ಓದಿ ನಗು ಬಂತು, ಎಲ್ಲ ಕಡೆಯೂ ಅದೇ ಮೂರು ತಿಂಗಳು.

ಎರಡು, ಲೆಕ್ಕ. ಪ್ರತಿವರ್ಷ ಕಮಿಷನ್ ಮಾಡಿದ ಖರ್ಚಿಗೆ ಪಾರ್ಲಿಮೆಂಟು ಒಪ್ಪಿಗೆಯ ಮುದ್ರೆ ಹಾಕಬೇಕು. 1998ರ ಡಿಸೆಂಬರಿನಲ್ಲಿ ಹಾಕಲಿಲ್ಲ! ಜಾಕ್ ಸಾಂತೇರ್ ಅಂತ ಅಧ್ಯಕ್ಷ, ಲಕ್ಸೆಂಬರ್ಗಿನವ. ಒಳಗಿನ ಒಬ್ಬ ಲೆಕ್ಕಪರಿಶೋಧಕ ಕಾಗದಗಳನ್ನು ಸದಸ್ಯರ ಕೈಗೆ ಕೊಟ್ಟಿದ್ದ. ಫ್ರಾನ್ಸಿನ ಕಮಿಷನರ್ ಎದಿತ್ ಕ್ರೆಸಾನ್ ತಮ್ಮ ಪರಿಚಯದ ದಂತವೈದ್ಯರನ್ನು ಸಲಹೆಗಾರ ಅಂತ ನೇಮಿಸಿಕೊಂಡದ್ದೂ ಹೊರಬಂತು. 1999ರ ಜನವರಿಯಲ್ಲಿ ಅವಿಶ್ವಾಸಕ್ಕೆ ಹಾಕಿದಾಗ ಸೋತಿತು, ಅದಕ್ಕೆ ಮೂರನೇ ಎರಡು ಭಾಗ ಮತ ಬೇಕು. ಆದರೆ ಸೋಲಿಸಿದವರೇ ಸ್ವತಂತ್ರ ತಜ್ಞರ ಸಮಿತಿ ಬೇಕು ಅಂತ ಪಟ್ಟು ಹಿಡಿದರು. ಮಾರ್ಚ್ 15ಕ್ಕೆ ವರದಿ ಬಂತು, ಅದೇ ರಾತ್ರಿ ಇಡೀ ಕಮಿಷನ್ ರಾಜೀನಾಮೆ. ಒಬ್ಬಿಬ್ಬರದ್ದಲ್ಲ, ಎಲ್ಲರದ್ದೂ.

ಹಾಗಾಗಿ ಅಕ್ಕ, ಸಹಕಾರವೂ ಹೊಣೆಗಾರಿಕೆಯೂ ಎದುರಾಳಿಗಳು ಅಂತ ನನಗೆ ಕಾಣುವುದಿಲ್ಲ. ಒಪ್ಪಂದ ಬರೆದಿಟ್ಟರೆ ‘ನೀನು ಇದನ್ನು ಮುರಿದೆ’ ಅಂತ ಬೆರಳು ತೋರಿಸಲಿಕ್ಕಾದರೂ ಆಗ್ತದೆ.

ಕರಿಕೋಟು ಅಕ್ಕ · ಭಾನುವಾರ ರಾತ್ರಿ 10.10

ನಮ್ಮ 60 ದಿನದ ಕಾಯ್ದೆಯೂ ಬರೆದಿಟ್ಟದ್ದೇ. ಬೆರಳು ತೋರಿಸ್ತಾನೇ ಇದ್ದೀನಿ.

ಬ್ರಸೆಲ್ಸ್ ಜಡಿಮಳೆ · ಭಾನುವಾರ ರಾತ್ರಿ 10.14

ಅದೂ ಸರಿಯೇ. ಇಲ್ಲಿ ಸದಸ್ಯರಿಗೆ ಕಮಿಷನರ್ ಆಗುವ ಆಸೆ ಕಡಿಮೆ, ಆ ಕುರ್ಚಿಗೆ ಹೆಸರು ಕಳಿಸುವುದು ಅವರವರ ದೇಶದ ಸರ್ಕಾರ. ನಮ್ಮಲ್ಲಿ ಹಿಂದಿನ ಸಾಲಿನ ಶಾಸಕನಿಗೆ ಮುಂದಿನ ಸಾಲಿನ ಸಚಿವನ ಕುರ್ಚಿ ಹತ್ತೇ ಅಡಿ ದೂರ. ವ್ಯತ್ಯಾಸ ಅಲ್ಲಿಯೇ ಇರಬೇಕು.

ಪಂಚಾಯ್ತಿ ಮೆಂಬ್ರು · ಸೋಮವಾರ ಬೆಳಗ್ಗೆ 7.30

ನಾನು ಮಂಡ್ಯ ಕಡೆ ಗ್ರಾಮ ಪಂಚಾಯ್ತಿ ಸದಸ್ಯ. ನೀವೆಲ್ಲ ದೊಡ್ಡದೊಡ್ಡ ಮಾತಾಡ್ತಾ ಇದ್ದೀರಿ, ನನ್ದೊಂದು ಚಿಕ್ಕ ಮಾತು.

ಕೆರೆಕೋಡಿ ಅಣ್ಣ, ಮೊದ್ಲು ಆ ಕೆರೆ ಯಾರ್ದು ಅಂತ ನೋಡ್ಕಂಡ್ರಾ? ಅಚ್ಚುಕಟ್ಟು, ಅಂದ್ರೆ ಕೆರೆ ನೀರು ಹಾಯೋ ಜಮೀನು, 40 ಹೆಕ್ಟೇರಿಗಿಂತ ಕಮ್ಮಿ ಇದ್ರೆ ಪಂಚಾಯ್ತಿ ಲೆಕ್ಕಕ್ಕೆ ಬತ್ತದೆ, ಜಾಸ್ತಿ ಇದ್ರೆ ಸರ್ಕಾರದ ಇಲಾಖೆಗೆ. ಅದು ತಿಳ್ಕಳ್ದೆ ಕೇಳುದ್ರೆ ಇವ್ರು ಅವ್ರ ಕಡೆ ತೋರುಸ್ತರೆ, ಅವ್ರು ಇವ್ರ ಕಡೆ.

ಇನ್ನು ಹೊಣೆಗಾರಿಕೆ ಅಂದ್ರಲ್ಲ. ನಮ್ಮಲ್ಲಿ ವರ್ಷಕ್ಕೊಂದ್ಸಲ ಜಮಾಬಂದಿ ಅಂತ ಮಾಡ್ತೀವಿ. ಖರ್ಚಿನ ಬಿಲ್ಲು, ಕೆಲ್ಸದ ಪಟ್ಟಿ ಎಲ್ಲ ಜನದ ಮುಂದೆ ಇಡ್ಬೇಕು. ಹೋದ್ವರ್ಷ ಒಬ್ಬಜ್ಜಿ ಬಿಲ್ಲಿನ ಪುಟ ತಿರುಗ್ಸಿ ಕೇಳುದ್ಲು, ‘ಈ ಚರಂಡಿ ನಮ್ ಮನೆ ಮುಂದೆ ಆಗದೆ ಅಂತ ಬರ್ದಿದ್ದೀರಲ್ಲ, ನಂಗೇ ಕಾಣ್ನಿಲ್ವಲ್ಲ?’ ಅಂತ. ಪಂಚಾಯ್ತಿ ಅಧಿಕಾರಿ ಪಿಡಿಒ ಸಾಹೇಬ್ರಿಗೆ ಬೆವ್ರು ಕಿತ್ಕಂತು. ಅಜ್ಜಿಗೆ ಓದಕ್ಕೂ ಬರಲ್ಲ, ಮೊಮ್ಮಗಳು ಓದಿ ಹೇಳಿದ್ದು. ಆ ಚರಂಡಿ ಈಗ ಆಗದೆ.

ವಿಧಾನಸೌಧದಲ್ಲೂ ಒಂದು ಜಮಾಬಂದಿ ಇಡ್ಬೇಕು ನೋಡಿ.

ಹಳೇ ಕಡತ · ಸೋಮವಾರ ಬೆಳಗ್ಗೆ 8.15

ಇದೆ ಸ್ವಾಮಿ, ಅದೇ ಬಜೆಟ್ ಅಧಿವೇಶನ. ಇಲಾಖಾವಾರು ಬೇಡಿಕೆ ಮುಂದಿಟ್ಟು ಚರ್ಚೆ ಮಾಡಿ ಒಪ್ಪಿಗೆ ಕೊಡಬೇಕು. ಸಮಯ ಮುಗಿದರೆ ಉಳಿದದ್ದನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುತ್ತಾರೆ, ಲೋಕಸಭೆಯವರು ಅದಕ್ಕೆ ಗಿಲೋಟಿನ್ ಅನ್ನುತ್ತಾರೆ. ತಲೆ ಕಡಿಯುವ ಯಂತ್ರದ ಹೆಸರು. 2018ರ ಮಾರ್ಚಿನಲ್ಲಿ ಲೋಕಸಭೆಯಲ್ಲಿ ಗದ್ದಲದ ನಡುವೆ ಎಲ್ಲ ಇಲಾಖೆಗಳ ಬೇಡಿಕೆಯೂ ಚರ್ಚೆಯಿಲ್ಲದೆ ಅರ್ಧ ಗಂಟೆಯೊಳಗೆ ಪಾಸಾಯಿತು. 2023ರಲ್ಲೂ ಚರ್ಚೆಯಿಲ್ಲ. ನಿಮ್ಮ ಅಜ್ಜಿಗೆ ಸಿಕ್ಕಷ್ಟು ಹೊತ್ತು ದೇಶದ ರಕ್ಷಣಾ ಬಜೆಟ್ಟಿಗೆ ಸಿಗಲಿಲ್ಲ.

ಮಸೂದೆಗಳದ್ದೂ ಅದೇ ಕತೆ. ಇಲಾಖಾವಾರು ಸ್ಥಾಯಿ ಸಮಿತಿಗಳು 1993ರಲ್ಲಿ ಶುರುವಾಗಿ 2004ರ ಹೊತ್ತಿಗೆ 24 ಆದವು. 15ನೇ ಲೋಕಸಭೆಯಲ್ಲಿ ನೂರಕ್ಕೆ 71ರಷ್ಟು ಮಸೂದೆ ಸಮಿತಿಗೆ ಹೋಗುತ್ತಿದ್ದದ್ದು 17ನೆಯದರಲ್ಲಿ ಸುಮಾರು 16ಕ್ಕೆ ಇಳಿಯಿತು. ವಕೀಲರಮ್ಮನವರ ಸಿಟ್ಟಿಗೆ ನಾನು ಇಷ್ಟರ ಮಟ್ಟಿಗೆ ಸೋಲುತ್ತೇನೆ.

ಕೆಎಎಸ್ ಕನಸು · ಸೋಮವಾರ ಬೆಳಗ್ಗೆ 8.40

ಇದನ್ನೆಲ್ಲ ನೋಟ್ಸ್ ಮಾಡ್ಕೊಂಡೆ. ಸರ್, ನಾಳೆ ನಾನೇ ಆ ಕುರ್ಚಿಯಲ್ಲಿ ಕೂತು ಉತ್ತರ ಬರೆಯೋ ಹಾಗಾದ್ರೆ ‘ಭರವಸೆ ಆಗದ ಹಾಗೆ’ ಬರೀಬೇಕಾ, ಬೇಡ್ವಾ?

ಹಳೇ ಕಡತ · ಸೋಮವಾರ ಬೆಳಗ್ಗೆ 9.30

ಮಗೂ, ಮೊದಲು ಪಾಸಾಗು.

ತಮಾಷೆ ಬಿಡು. ನಾನು ಒಂದೇ ಒಂದು ಸಲ ‘ಮುಂದಿನ ಮಾರ್ಚ್ ಒಳಗೆ ಪೂರ್ಣಗೊಳಿಸಲಾಗುವುದು’ ಅಂತ ಕರಡು ಹಾಕಿದ್ದೆ, ಯಾಕೆಂದರೆ ಹಣ ಬಿಡುಗಡೆಯಾಗಿತ್ತು, ಟೆಂಡರೂ ಆಗಿತ್ತು. ಮೇಲಿನವರು ಕರೆದು ಹೊಡೆದು ಹಾಕಿದರು. ‘ಕೆಲಸ ಆಗುತ್ತದಲ್ಲ ಸರ್’ ಅಂದೆ. ‘ಆಗುತ್ತದೆ, ಆದರೆ ನಾವು ಹೇಳುವುದು ಬೇಡ’ ಅಂದರು. ಅವರು ಕೆಟ್ಟವರಲ್ಲ. ಇಪ್ಪತ್ತು ಹಳೆಯ ಭರವಸೆಗಳಿಗೆ ಸಮಿತಿಯ ಮುಂದೆ ನಿಂತು ಬಂದವರು, ಅದರಲ್ಲಿ ಹದಿನೈದು ಅವರು ಆ ಇಲಾಖೆಗೆ ಬರುವ ಮೊದಲಿನವು. ವರ್ಗಾವಣೆ ಆಗುವವನು ಅಧಿಕಾರಿ, ಉಳಿಯುವುದು ಮಾತು. ನೀನು ಕೂತಾಗ ನಿನಗೇ ಗೊತ್ತಾಗುತ್ತದೆ.

ಹುಬ್ಬಳ್ಳಿ ಗಿರ್ಮಿಟ್ · ಸೋಮವಾರ ಬೆಳಗ್ಗೆ 9.52

ಸರ್, ನಿಮ್ಮ ಮ್ಯಾಲ ಸಿಟ್ಟು ಬರಬೇಕೋ ಕನಿಕರ ಬರಬೇಕೋ ತಿಳಿವಲ್ದು.

ಒಂದ್ ಮಾತು. 1997ರಾಗ ನಮ್ಮ ಕನ್ನಡದ ಪ್ರಧಾನಿ ದೇವೇಗೌಡ್ರು 158ಕ್ಕ 292ರಲೆ ಲೋಕಸಭಾದಾಗ ಸೋತಾಗ ನಮ್ಮಪ್ಪ ರೇಡಿಯೋ ಬಂದ್ ಮಾಡಿ ಊಟಾ ಬಿಟ್ಟಿದ್ದ. ಅಷ್ಟ್ ದೊಡ್ಡ ಕುರ್ಚಿನೂ ಸದನ ಕಸಗೋತೈತಿ ಅಂತ ಅವತ್ತ ನಂಗ ತಿಳೀತು. ಅದಕ್ಕ ಸದನಕ್ಕ ಶಕ್ತಿ ಇಲ್ಲ ಅಂತ ನಾ ಅನ್ನಂಗಿಲ್ಲ. ಆ ಶಕ್ತಿ ಪ್ರಧಾನಿ ಮ್ಯಾಲ ಕೆಲಸಾ ಮಾಡ್ತೈತಿ, ತೂಬಿನ ಮ್ಯಾಲ ಮಾಡಂಗಿಲ್ಲ. ಅದ ನನ್ನ ತಕರಾರು.

ಮಾಡರೇಟರ್ · ಸೋಮವಾರ ಬೆಳಗ್ಗೆ 11.00

ನಡುವೆ ಬಂದ ನಾಲ್ಕು ಕಮೆಂಟ್ ತೆಗೆದಿದ್ದೇವೆ. ಪಕ್ಷಗಳ ಬೈಗುಳಕ್ಕೆ ಬೇರೆ ಜಾಗ ಇದೆ. ಚರ್ಚೆ ಮುಂದುವರಿಸಿ.

ಕೆರೆಕೋಡಿ · ಎರಡು ವಾರದ ನಂತರ, ಶನಿವಾರ ಸಂಜೆ 6.25

ಎಲ್ಲರಿಗೂ ಒಂದು ಅಪ್‌ಡೇಟ್.

ಪಂಚಾಯ್ತಿ ಅಣ್ಣ ಹೇಳಿದ ಹಾಗೆ ಮೊದಲು ಅಚ್ಚುಕಟ್ಟು ನೋಡಿದೆ. ನಮ್ಮ ಕೆರೆದು 40 ಹೆಕ್ಟೇರಿಗಿಂತ ಜಾಸ್ತಿನೇ, ಹಾಗಾಗಿ ಉತ್ತರ ಕೊಟ್ಟ ಇಲಾಖೆದೇ ಹೊಣೆ. ವಿಧಾನಮಂಡಲದ ಜಾಲತಾಣದಲ್ಲಿ ಉತ್ತರದ ಪಿಡಿಎಫ್ ಸಿಕ್ತು, ಅದನ್ನೇ ಪ್ರಿಂಟ್ ತೆಗೆದು ಸದಸ್ಯರ ಮನೆಗೆ ಹೋದೆ. ಅವರಿಗೆ ತಾವು ಕೇಳಿದ ಪ್ರಶ್ನೆ ನೆನಪಿರಲಿಲ್ಲ. ಪಾಪ, ಅಧಿವೇಶನಕ್ಕೆ ಎಷ್ಟೊಂದು ಪ್ರಶ್ನೆ ಕೊಟ್ಟಿರ್ತಾರೆ. ‘ಉತ್ತರ ಬಂದಿದೆಯಲ್ಲ, ಇನ್ನೇನು?’ ಅಂದ್ರು. (ಆ) ಭಾಗ ತೋರಿಸಿದೆ. ಎರಡು ಸಲ ಓದಿದ್ರು. ‘ಇದು ಭರವಸೆ ಅಂತ ನಿಮಗೆ ಹೇಳಿದ್ದು ಯಾರು?’ ಅಂತ ಕೇಳಿದ್ರು. ನಿವೃತ್ತರೊಬ್ಬರು ಅಂದೆ. ನಕ್ಕು, ಅಲ್ಲೇ ಪಿಎ ಕರೆದು ಪತ್ರ ಟೈಪ್ ಮಾಡಿಸಿದ್ರು. ಒಂದೇ ಪುಟ. ಕೆರೆ ಇತಿಹಾಸ ಇಲ್ಲ.

ಸೋಮವಾರ ನಾನೇ ಹೋಗಿ ಸಮಿತಿ ಶಾಖೆಯಲ್ಲಿ ಕೊಟ್ಟು ಬಂದೆ. ಸೀಲು ಹಾಕಿ ಕೊಟ್ರು.

ಹಳೇ ಕಡತ · ಶನಿವಾರ ಸಂಜೆ 6.40

ಸ್ವೀಕೃತಿ ಸಂಖ್ಯೆ ಬರೆದುಕೊಂಡಿರಾ? ಸೀಲು ಮಾತ್ರ ಸಾಲದು.

ಕೆರೆಕೋಡಿ · ಶನಿವಾರ ಸಂಜೆ 6.44

ಬರ್ಕೊಂಡೆ ಸರ್. ಅಪ್ಪ ಅದನ್ನು ಕ್ಯಾಲೆಂಡರಿನ ಹಿಂದೆ ಪೆನ್ನಲ್ಲಿ ಬರೆದಿಟ್ಟಿದ್ದಾರೆ, ಮೂರು ತಿಂಗಳು ಆಗೋ ದಿನಕ್ಕೆ ಒಂದು ಸೊನ್ನೆಯನ್ನೂ ಸುತ್ತಿದ್ದಾರೆ.

ಕರಿಕೋಟು ಅಕ್ಕ · ಶನಿವಾರ ರಾತ್ರಿ 8.05

ಮೂರು ತಿಂಗಳು ಲೋಕಸಭೆಯ ಪದ್ಧತಿ ಅಂತ ಅಪ್ಪನಿಗೆ ಹೇಳಿ, ಆಸೆ ಜಾಸ್ತಿ ಇಟ್ಟುಕೊಳ್ಳೋದು ಬೇಡ. ಆ ದಿನ ಬಂದಾಗ ಏನೂ ಆಗದಿದ್ದರೆ ನನಗೆ ಮೆಸೇಜ್ ಮಾಡಿ. ಮಾಹಿತಿ ಹಕ್ಕಿನಲ್ಲಿ ಆ ಪತ್ರದ ಕಡತ ಯಾವ ಮೇಜಿನಲ್ಲಿದೆ ಅಂತ ಕೇಳೋಣ. ಅರ್ಜಿ ನಾನು ಬರೆದುಕೊಡ್ತೀನಿ, ಫೀಸು ಬೇಡ.

ಪಂಚಾಯ್ತಿ ಮೆಂಬ್ರು · ಶನಿವಾರ ರಾತ್ರಿ 8.30

ಅದೆಲ್ಲ ಸರಿ ಅಣ್ಣ. ಮುಂಗಾರು ಹತ್ರ ಬಂತು. ಏರಿ ಜೌಗಿರೋ ಕಡೆ ನಾಲ್ಕು ಟ್ರಾಕ್ಟ್ರು ಮಣ್ಣು ಹೊಡ್ಸಿ, ಮರಳು ಮೂಟೆ ಜೋಡ್ಸಿಡಿ. ಮೂಟೆ ಬಿಸ್ಲಲ್ಲಿ ಬಿಡ್ಬ್ಯಾಡಿ, ಚೀಲ ಪುಡಿಯಾಯ್ತದೆ.